ಟೀಚರಮ್ಮನಿಗೆ ಟೀಚರ್ ಯಾರು?

ವೀಕ್ಷಕರೇ, ಇವತ್ತು ರಾಜಕೀಯನ ಸ್ವಲ್ಪ ಪಕ್ಕಕ್ಕಿಟ್ಟು ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡೋಣ. ನಿಮ್ಮೂರಿನ ಅಂಗನವಾಡಿ ಟೀಚರ್ ಕೆಲಸ ಏನು?

ಹೆಚ್ಚಿನವರ ಉತ್ತರ ನನಗೆ ಗೊತ್ತು. ಮಕ್ಕಳಿಗೆ ಊಟ ಹಾಕ್ತಾರೆ, ಮೊಟ್ಟೆ ಕೊಡ್ತಾರೆ, ತೂಕ ಬರ್ಕೋತಾರೆ, ಎರಡು ಶಿಶುಗೀತೆ ಹೇಳಿಕೊಡ್ತಾರೆ. ಎಲೆಕ್ಷನ್ ಬಂದ್ರೆ ಬೂತ್ ಕೆಲಸ ಮಾಡ್ತಾರೆ, ಸರ್ವೆ ಬಂದ್ರೆ ಮನೆ ಮನೆ ತಿರುಗ್ತಾರೆ. ಇದೆಲ್ಲ ನಿಜ. ಆದ್ರೆ ಆ ಹುದ್ದೆಯ ಜೊತೆಗೇ ಬಂದಿರೋ ಇನ್ನೊಂದು ಕೆಲಸ ಇದೆ. ಅದು ನಮ್ಮ ಕಣ್ಣಿಗೆ ಬೀಳೋದೇ ಇಲ್ಲ. ಅದು ಮಗುವಿನ ಮನೆಯವರಿಗೆ ಹೇಳಿಕೊಡೋ ಕೆಲಸ.

ಸಮಗ್ರ ಶಿಶು ಅಭಿವೃದ್ಧಿ ಯೋಜನೆ, ಅಂದ್ರೆ ಐಸಿಡಿಎಸ್, ದೇಶದಲ್ಲಿ ಶುರುವಾಗಿದ್ದು 1975ರ ಅಕ್ಟೋಬರ್ 2ರಂದು. ಆಗ ಇಡೀ ದೇಶಕ್ಕೆ ಇದ್ದದ್ದು 33 ಪ್ರಾಯೋಗಿಕ ಬ್ಲಾಕ್‌ಗಳು. ನಮ್ಮ ರಾಜ್ಯದಲ್ಲಿ ಅದು ಮೊದಲು ಬಂದಿದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರಕ್ಕೆ. ಯೋಜನೆಯಲ್ಲಿ ಆರು ಸೇವೆಗಳಿದ್ವು: ಪೂರಕ ಪೌಷ್ಟಿಕ ಆಹಾರ, ಶಾಲಾಪೂರ್ವ ಶಿಕ್ಷಣ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ದೊಡ್ಡ ಆಸ್ಪತ್ರೆಗೆ ಕಳಿಸೋ ವ್ಯವಸ್ಥೆ ಮತ್ತು ಪೌಷ್ಟಿಕತೆ ಹಾಗೂ ಆರೋಗ್ಯದ ಶಿಕ್ಷಣ. ಈ ಆರನೇದು ಮಕ್ಕಳಿಗೆ ಅಲ್ಲ, ದೊಡ್ಡವರಿಗೆ. ತಾಯಿಗೆ, ಮನೆಯ ಹೆಂಗಸರಿಗೆ. ಅಂದ್ರೆ ಐವತ್ತು ವರ್ಷದ ಹಿಂದೆಯೇ ನಮ್ಮ ಸರ್ಕಾರಗಳು ಒಪ್ಪಿಕೊಂಡಿದ್ವು, ಮಗುವನ್ನ ನೋಡ್ಕೊಳ್ಳೋರಿಗೆ ಹೇಳಿಕೊಡೋಕೆ ಒಬ್ಬರು ಬೇಕು ಅಂತ.

ಇವತ್ತು ಕರ್ನಾಟಕದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಅಂದ್ರೆ ಪೋಷಕರಿಗೆ ಪಾಠ ಹೇಳೋ 65 ಸಾವಿರ ಜನ ನಮ್ಮಲ್ಲಿದ್ದಾರೆ. ಅಮೆರಿಕದಲ್ಲೋ ಆಸ್ಟ್ರೇಲಿಯಾದಲ್ಲೋ ಇಂಥವರನ್ನ 'ಪೇರೆಂಟಿಂಗ್ ಎಜುಕೇಟರ್' ಅಂತ ಕರೀತಾರೆ. ನಮ್ಮಲ್ಲಿ ಅವರನ್ನ ಟೀಚರ್ ಅಂತೀವಿ, ಟೀಚರಮ್ಮ ಅಂತೀವಿ, ಉತ್ತರ ಕರ್ನಾಟಕದ ಕಡೆ ಅಕ್ಕೋರು ಅಂತೀವಿ. ಹೆಸರು ಏನೇ ಇರಲಿ. ನನ್ನ ಪ್ರಶ್ನೆ ಇಷ್ಟೇ: ಎಲ್ಲರ ಮನೆಗೂ ಹೋಗಿ ಪಾಠ ಹೇಳೋ ಈ ಟೀಚರಮ್ಮನಿಗೆ ಪಾಠ ಹೇಳಿಕೊಡೋರು ಯಾರು? ಏನು ಹೇಳಿಕೊಡ್ತಾರೆ? ಅದು ಸಾಕಾ?

ಇದು ಯಾಕೆ ಇಷ್ಟು ಮುಖ್ಯ ಅಂತ ಮೊದಲು ನೋಡೋಣ.

ಮನುಷ್ಯನ ಮೆದುಳಿನ ಬೆಳವಣಿಗೆಯಲ್ಲಿ ಶೇ. 85ಕ್ಕಿಂತ ಹೆಚ್ಚು ಆಗೋದು ಆರು ವರ್ಷದ ಒಳಗೆ. ಇದು ನನ್ನ ಮಾತಲ್ಲ, 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೇ ಬರೆದಿರೋ ಮಾತು. ಮಗು 'ಊ' ಅನ್ನುತ್ತೆ, ಅಮ್ಮ 'ಏನೋ ಕಂದಾ' ಅಂತಾಳೆ. ಮಗು ಬೆರಳು ತೋರಿಸುತ್ತೆ, ಅಪ್ಪ 'ಓ, ಕಾಗೆ ನೋಡಿದ್ಯಾ' ಅಂತಾನೆ. ನಮಗೆ ಇದು ಸುಮ್ಮನೆ ಮುದ್ದು ಮಾಡೋದು. ಮೆದುಳಿಗೆ ಇದೇ ವೈರಿಂಗ್. ಎಂಜಿನಿಯರಿಂಗ್ ಓದಿದವರಿಗೆ ಫೀಡ್‌ಬ್ಯಾಕ್ ಲೂಪ್ ಗೊತ್ತಿರುತ್ತೆ. ಒಂದು ಸಿಗ್ನಲ್ ಹೋಗಬೇಕು, ಅದಕ್ಕೆ ಉತ್ತರ ವಾಪಸ್ ಬರಬೇಕು, ಆಗಲೇ ಸಿಸ್ಟಂ ತನ್ನನ್ನ ತಾನು ಸರಿ ಮಾಡ್ಕೊಳ್ಳೋದು. ಮಗು ಕಳಿಸಿದ ಸಿಗ್ನಲ್‌ಗೆ ಉತ್ತರವೇ ಬರದಿದ್ರೆ ಆ ಲೂಪ್ ಅಲ್ಲೇ ತುಂಡಾಗುತ್ತೆ. ಟಿವಿ, ಮೊಬೈಲು ಎಷ್ಟು ಮಾತಾಡಿದ್ರೂ ಪ್ರಯೋಜನ ಇಲ್ಲ, ಯಾಕಂದ್ರೆ ಅವು ಮಗುವಿಗೆ ಉತ್ತರ ಕೊಡಲ್ಲ. ಒಂದು ವರ್ಷದ ಒಳಗಿನ ಮಗುವಿಗೆ ಸ್ಕ್ರೀನ್ ಬೇಡವೇ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಟಿವಿಯವನೇ ಬಂದು ಟಿವಿ ಆಫ್ ಮಾಡಿ ಅಂತಾನಲ್ಲ ಅಂತ ನಗಬೇಡಿ. ಮಗು ಮುಂದೆ ಕೂತಿದ್ರೆ ದಯವಿಟ್ಟು ಆಫ್ ಮಾಡಿ.

2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮತ್ತು ವಿಶ್ವಬ್ಯಾಂಕ್ ಸೇರಿ ಒಂದು ಚೌಕಟ್ಟು ಕೊಟ್ಟವು. ಎಳೆ ಮಗುವಿಗೆ ಐದು ವಿಷಯ ಬೇಕು ಅಂತ: ಒಳ್ಳೆ ಆರೋಗ್ಯ, ಸಾಕಷ್ಟು ಪೌಷ್ಟಿಕ ಆಹಾರ, ಸುರಕ್ಷತೆ, ಕಲಿಯೋ ಅವಕಾಶ ಮತ್ತು ಮಗುವಿನ ಸನ್ನೆಗೆ ಸ್ಪಂದಿಸೋ ಆರೈಕೆ. ಮೊದಲ ಎರಡನ್ನ ನಾವು ಅಳೀತೀವಿ. ತೂಕದ ಯಂತ್ರ ಇದೆ, ಎತ್ತರ ನೋಡೋ ಪಟ್ಟಿ ಇದೆ, ಪೋಷಣ್ ಟ್ರ್ಯಾಕರ್ ಆ್ಯಪ್ ಇದೆ. ಸ್ಪಂದಿಸೋ ಆರೈಕೆಯನ್ನ ಯಾವ ತಕ್ಕಡಿಯಲ್ಲಿ ತೂಗೋದು? ತೂಗೋಕಾಗಲ್ಲ. ಅದಕ್ಕೇ ಅದು ಯಾವಾಗಲೂ ಪಟ್ಟಿಯ ಕೊನೆಗೆ ಹೋಗುತ್ತೆ.

'ಆಟ ಆಡಿಸೋಕೆ, ಮಾತಾಡಿಸೋಕೆ ಒಬ್ಬರು ಬಂದು ಹೇಳಿಕೊಡಬೇಕಾ? ಅದರಿಂದ ಏನಾದ್ರೂ ಬದಲಾಗುತ್ತಾ?' ಅಂತ ಕೇಳೋರಿಗೆ ಜಮೈಕಾದ ಕಥೆ ಹೇಳ್ತೀನಿ. ಕ್ರಿಸ್ ಗೇಲ್, ಉಸೇನ್ ಬೋಲ್ಟ್ ಅವರ ಜಮೈಕಾ.

1986-87ರಲ್ಲಿ ಅಲ್ಲಿನ ಕಿಂಗ್ಸ್‌ಟನ್ ನಗರದ ಬಡ ಬಡಾವಣೆಗಳಲ್ಲಿ ಸ್ಯಾಲಿ ಗ್ರಾಂಥಮ್-ಮ್ಯಾಕ್‌ಗ್ರೆಗರ್ ಅನ್ನೋ ವೈದ್ಯೆ ಮತ್ತು ಅವರ ತಂಡ 129 ಮಕ್ಕಳನ್ನ ಆರಿಸ್ಕೊಂಡ್ರು. ಎಲ್ಲರೂ ವಯಸ್ಸಿಗೆ ತಕ್ಕ ಎತ್ತರ ಇಲ್ಲದ, ಅಪೌಷ್ಟಿಕತೆಯಿಂದ ಬಳಲ್ತಿದ್ದ ಎಳೆ ಮಕ್ಕಳು. ಕೆಲವರ ಮನೆಗೆ ವಾರಕ್ಕೊಮ್ಮೆ, ಒಂದೊಂದು ಗಂಟೆ, ಎರಡು ವರ್ಷ ಒಬ್ಬ ಆರೋಗ್ಯ ಸಹಾಯಕಿ ಹೋಗ್ತಿದ್ರು. ನಮ್ಮ ಆಶಾ ಕಾರ್ಯಕರ್ತೆ ಇದ್ದ ಹಾಗೆ ಅಂದ್ಕೊಳ್ಳಿ. ಮನೆಯಲ್ಲೇ ಮಾಡಿದ ಆಟಿಕೆ ತಗೊಂಡು ಹೋಗೋರು, ತಾಯಿ ಮತ್ತು ಮಗು ಜೊತೆಯಾಗಿ ಆಡೋ ಹಾಗೆ ಮಾಡೋರು. ಇಷ್ಟೇ. ಇಪ್ಪತ್ತು ವರ್ಷ ಆದ ಮೇಲೆ ಅದೇ ಮಕ್ಕಳನ್ನ ಹುಡುಕಿ ನೋಡಿದ್ರು. ಆ ಭೇಟಿ ಸಿಕ್ಕಿದ್ದ ಮಕ್ಕಳ ಗಳಿಕೆ, ಸಿಗದೇ ಇದ್ದವರಿಗಿಂತ ಶೇ. 25ರಷ್ಟು ಹೆಚ್ಚಿತ್ತು. 2014ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇದು ಬಂತು. ಬರೆದವರಲ್ಲಿ ನೊಬೆಲ್ ಪುರಸ್ಕೃತ ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್‌ಮನ್ ಕೂಡ ಒಬ್ಬರು.

ಈ ಕಥೆಯಲ್ಲಿ ಎಲ್ಲರೂ ಆ ಶೇ. 25ನ್ನ ನೋಡ್ತಾರೆ. ನೀವು ಇನ್ನೊಂದನ್ನ ನೋಡಿ. ಮನೆಗೆ ಹೋದವರು ಡಾಕ್ಟರ್ ಅಲ್ಲ, ಮನಃಶಾಸ್ತ್ರಜ್ಞರಲ್ಲ. ಸಾಮಾನ್ಯ ಹೆಣ್ಣುಮಕ್ಕಳು. ಆದ್ರೆ ಅವರಿಗೆ ಸರಿಯಾದ ತರಬೇತಿ ಇತ್ತು, ಕೈಯಲ್ಲಿ ಸಾಮಗ್ರಿ ಇತ್ತು, ವಾರ ವಾರ ಒಂದೇ ಮನೆಗೆ ಹೋಗೋ ಸಮಯ ಇತ್ತು, ಜೊತೆಗೆ ನಿಂತು ತಿದ್ದೋ ಮೇಲ್ವಿಚಾರಕರಿದ್ರು. ಈ ನಾಲ್ಕೂ ಸೇರಿದ್ದಕ್ಕೇ ಫಲ ಸಿಕ್ತು.

ಈಗ ನಮ್ಮಲ್ಲಿಗೆ ಬನ್ನಿ.

ಐಸಿಡಿಎಸ್ ಲೆಕ್ಕದಲ್ಲಿ ಅಂಗನವಾಡಿ ಕಾರ್ಯಕರ್ತೆಗೆ ಬಹಳ ವರ್ಷ ನಿಗದಿಯಾಗಿದ್ದ ವೃತ್ತಿ ತರಬೇತಿ 26 ಕೆಲಸದ ದಿನ. ಆಮೇಲೆ ಆಗಾಗ 5 ದಿನದ ಪುನಶ್ಚೇತನ. ಆ 26 ದಿನದಲ್ಲೇ ಪೌಷ್ಟಿಕಾಂಶ, ಚುಚ್ಚುಮದ್ದು, ಬೆಳವಣಿಗೆ ನಕ್ಷೆ, ರಿಜಿಸ್ಟರ್ ಬರೆಯೋದು, ಶಾಲಾಪೂರ್ವ ಶಿಕ್ಷಣ, ಎಲ್ಲಾ ಮುಗೀಬೇಕು. ಮನೆಯವರ ಜೊತೆ ಹೇಗೆ ಮಾತಾಡ್ಬೇಕು ಅನ್ನೋದಕ್ಕೆ ಉಳಿಯೋದು ಎಷ್ಟು ಹೊತ್ತು, ನೀವೇ ಲೆಕ್ಕ ಹಾಕಿ.

ಇತ್ತೀಚೆಗೆ ಒಂದಷ್ಟು ಒಳ್ಳೆ ಹೆಜ್ಜೆಗಳೂ ಬಂದಿವೆ, ಅದನ್ನೂ ಹೇಳ್ಬೇಕು. ಶಿಕ್ಷಣ ನೀತಿ ಹೇಳಿದ್ದು ಏನು ಅಂದ್ರೆ, ಪಿಯುಸಿ ಮುಗಿಸಿದ ಅಂಗನವಾಡಿ ಕಾರ್ಯಕರ್ತೆಯರಿಗೆ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸ್, ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾ ಕೊಡ್ಬೇಕು. 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ 'ಪೋಷಣ್ ಭೀ ಪಢಾಯಿ ಭೀ' ಶುರು ಮಾಡ್ತು, ಪೋಷಣೆಯ ಜೊತೆ ಕಲಿಕೆಯೂ ಇರಲಿ ಅಂತ. 2024ರಲ್ಲಿ 'ನವಚೇತನಾ' ಅನ್ನೋ ಚೌಕಟ್ಟು ಬಂತು. ಅದು ಹುಟ್ಟಿನಿಂದ ಮೂರು ವರ್ಷದ ಮಕ್ಕಳಿಗೆ. 36 ತಿಂಗಳ ಕ್ಯಾಲೆಂಡರ್, 140 ಚಟುವಟಿಕೆಗಳು. ಇದರ ವಿಶೇಷ ಏನು ಗೊತ್ತಾ? ಮೂರು ವರ್ಷದ ಒಳಗಿನ ಮಗು ದಿನಾ ಅಂಗನವಾಡಿಗೆ ಬಂದು ಕೂರಲ್ಲ. ಹಾಗಾಗಿ ಇದರ ಬಹುಪಾಲು ನಡೀಬೇಕಾಗಿರೋದು ಮನೆಯಲ್ಲಿ, ಮನೆಯವರ ಕೈಯಲ್ಲಿ. ಕಾರ್ಯಕರ್ತೆ ಅದನ್ನ ಮನೆಯವರಿಗೆ ಕಲಿಸ್ಬೇಕು. ಅದಕ್ಕೂ ಮೊದಲು, 2023ರ ನವೆಂಬರ್‌ನಲ್ಲಿ, ಅಂಗವಿಕಲ ಮಕ್ಕಳಿಗಾಗಿ ಪ್ರತ್ಯೇಕ ಅಂಗನವಾಡಿ ಮಾರ್ಗಸೂಚಿಯೂ ಬಂದಿತ್ತು.

ಕಾಗದದ ಮೇಲೆ ಇವೆಲ್ಲ ಚೆನ್ನಾಗಿವೆ. ಆದ್ರೆ ಈ ತರಬೇತಿ ಕೆಳಗೆ ಇಳಿಯೋ ದಾರಿ ನೋಡಿ. ಮೇಲಿನ ಹಂತದಲ್ಲಿ ಅಧಿಕಾರಿಗಳಿಗೆ, ಮೇಲ್ವಿಚಾರಕಿಯರಿಗೆ ತರಬೇತಿ ಕೊಟ್ಟು ಅವರನ್ನ ಮಾಸ್ಟರ್ ಟ್ರೇನರ್ ಮಾಡ್ತಾರೆ. ಅವರು ಬಂದು ಕಾರ್ಯಕರ್ತೆಯರಿಗೆ ಮೂರು ದಿನ ಹೇಳಿಕೊಡ್ತಾರೆ. ಕಾರ್ಯಕರ್ತೆ ಹೋಗಿ ತಾಯಿಗೆ ಹೇಳ್ಬೇಕು. ಉದ್ದದ ಕೇಬಲ್ ಎಳೆದಾಗ ಪ್ರತಿ ಜಾಯಿಂಟ್‌ನಲ್ಲೂ ಸ್ವಲ್ಪ ಸ್ವಲ್ಪ ಸಿಗ್ನಲ್ ಸೋರುತ್ತೆ. ಇಲ್ಲೂ ಅದೇ ಕಥೆ. ಮೇಲೆ ಹೇಳಿದ್ದು 'ಮಗುವಿನ ಸನ್ನೆಯನ್ನ ಗಮನಿಸಿ ಸ್ಪಂದಿಸೋದನ್ನ ತಾಯಿಗೆ ಮಾಡಿ ತೋರಿಸಿ' ಅಂತ. ಕೊನೆಯ ಮನೆಗೆ ತಲುಪೋದು 'ಮಗು ಜೊತೆ ಮಾತಾಡ್ಬೇಕಮ್ಮ, ಸಹಿ ಹಾಕು' ಅಂತ.

ಇಷ್ಟೇ ಆಗಿದ್ರೆ ಇದು ಬರೀ ತರಬೇತಿ ದಿನಗಳ ಲೆಕ್ಕ ಆಗ್ತಿತ್ತು. ನಿಜವಾದ ತೊಡಕು ಬೇರೆ ಇದೆ. ಆ ತರಬೇತಿಯ ಚಿತ್ರದಲ್ಲಿರೋ ಮನೆ ಯಾವುದು?

ಗೋಡೆ ಮೇಲಿನ ಪೋಸ್ಟರ್ ನೆನಪು ಮಾಡ್ಕೊಳ್ಳಿ. ಅಪ್ಪ, ಅಮ್ಮ, ಒಂದು ಗಂಡು, ಒಂದು ಹೆಣ್ಣು. ಎಲ್ಲರೂ ನಗ್ತಿದ್ದಾರೆ. ಚಂದ ಇದೆ. ಈಗ ಅದೇ ಟೀಚರ್ ಮನೆ ಭೇಟಿಗೆ ಹೊರಟ್ರು ಅಂತ ಇಟ್ಕೊಳ್ಳಿ.

ಮೊದಲನೇ ಮನೆ ರಾಯಚೂರಿನದ್ದೋ ಯಾದಗಿರಿಯದ್ದೋ ಒಂದು ಹಳ್ಳಿಯಲ್ಲಿ. ಮಗುವಿನ ಅಪ್ಪ ಅಮ್ಮ ಇಬ್ಬರೂ ಬೆಂಗಳೂರಿನಲ್ಲಿ ಕಟ್ಟಡ ಕೆಲಸಕ್ಕೆ ಹೋಗಿದ್ದಾರೆ. ಮಗು ಇರೋದು ಅಜ್ಜಿ ಹತ್ರ. 'ತಾಯಂದಿರ ಸಭೆ'ಗೆ ಬರೋಕೆ ತಾಯಿ ಇಲ್ಲ. ಅಜ್ಜಿಯನ್ನ ಕರೀಬೇಕು ಅಂತ ಯಾರಿಗೂ ತೋಚಿಲ್ಲ.

ಎರಡನೇದು ವಿಜಯಪುರ ಕಡೆಯ ಒಂದು ತಾಂಡಾ. ಮನೆಮಾತು ಲಂಬಾಣಿ. ಕಬ್ಬು ಕಡಿಯೋ ಕಾಲ ಬಂದ್ರೆ ಇಡೀ ಕುಟುಂಬ ಗಂಟುಮೂಟೆ ಕಟ್ಟಿ ಹೊರಡುತ್ತೆ. ಅಲ್ಲಿಗೆ ಹೋದವರು 'ಮನೇಲೂ ಕನ್ನಡದಲ್ಲೇ ಮಾತಾಡಿ, ಇಲ್ಲಾಂದ್ರೆ ಮಗು ಹಿಂದೆ ಬೀಳುತ್ತೆ' ಅಂತ ಹೇಳಿ ಬರ್ತಾರೆ. ಕಳಕಳಿ ನಿಜ, ಸಲಹೆ ತಪ್ಪು. ಎರಡು ಭಾಷೆ ಕೇಳಿ ಬೆಳೆಯೋದ್ರಿಂದ ಮಾತು ತಡ ಆಗಲ್ಲ. ತಾಯಿಗೆ ಸಲೀಸಾಗಿ ಬರೋ ಭಾಷೆಯಲ್ಲಿ ಅವಳು ಮಗು ಜೊತೆ ಹೆಚ್ಚು ಮಾತಾಡ್ತಾಳೆ, ಹಾಡ್ತಾಳೆ, ಕಥೆ ಹೇಳ್ತಾಳೆ. ಬಾರದ ಭಾಷೆಯಲ್ಲಿ ಮಾತಾಡು ಅಂದ್ರೆ ಅವಳು ಮಾತಾಡೋದನ್ನೇ ಕಡಿಮೆ ಮಾಡ್ತಾಳೆ. ಕನ್ನಡ ಆ ಮಗುವಿಗೆ ಬೇಕೇ ಬೇಕು. ಅಂಗನವಾಡಿಯಲ್ಲಿ, ಬೀದಿಯಲ್ಲಿ, ಶಾಲೆಯಲ್ಲಿ ಅದು ಬರುತ್ತೆ. ಮನೆಮಾತನ್ನ ಕಿತ್ತುಕೊಂಡು ಕನ್ನಡ ಕೊಡಬೇಕಾಗಿಲ್ಲ.

ಮೂರನೇ ಮನೆಯಲ್ಲಿ ಒಬ್ಬಳೇ ತಾಯಿ. ಮದುವೆ ಆಗಿಲ್ಲವೋ, ಗಂಡ ಬಿಟ್ಟು ಹೋದನೋ, ಅದು ಅವಳ ವಿಷಯ. ಟೀಚರ್ ಫಾರಂ ತೆಗೀತಾರೆ. ಮೊದಲ ಸಾಲೇ ತಂದೆಯ ಹೆಸರು. ಆ ಒಂದು ಪ್ರಶ್ನೆಗೆ ಅವಳ ಮುಖ ಬಾಡುತ್ತೆ. ಆಮೇಲೆ ನೀವು ಏನೇ ಹೇಳಿದ್ರೂ ಅವಳ ಕಿವಿಗೆ ಹೋಗಲ್ಲ. ಮದುವೆಯಾಗದ ತಾಯಿ ತಂದೆಯ ಹೆಸರು ಬಹಿರಂಗ ಮಾಡದೆಯೇ ತನ್ನ ಮಗುವಿನ ಪೋಷಕಿ ಅಂತ ಕೋರ್ಟಿನಿಂದ ಆದೇಶ ಪಡೀಬಹುದು ಅಂತ ಸುಪ್ರೀಂ ಕೋರ್ಟ್ 2015ರಲ್ಲೇ ಹೇಳಿದೆ. ಒಂಟಿ ತಾಯಿ ಅರ್ಜಿ ಹಾಕಿದ್ರೆ ಪ್ರಮಾಣಪತ್ರದ ಆಧಾರದ ಮೇಲೆ ಮಗುವಿನ ಜನನ ಪ್ರಮಾಣಪತ್ರ ಕೊಡ್ಬೇಕು ಅಂತಲೂ ಹೇಳಿದೆ. ನಮ್ಮ ಟೀಚರಮ್ಮನಿಗೆ ಇದನ್ನ ಯಾವ ತರಬೇತಿಯಲ್ಲಿ ಹೇಳಿದ್ದಾರೆ?

ನಾಲ್ಕನೇ ಮನೆಯಲ್ಲಿ ಮಗುವಿಗೆ ಒಂದೂವರೆ ವರ್ಷ. ಕರೆದ್ರೆ ತಿರುಗಿ ನೋಡಲ್ಲ. ಅತ್ತೆ ಹೇಳ್ತಾರೆ, ನಮ್ಮ ವಂಶದಲ್ಲಿ ಗಂಡು ಮಕ್ಕಳು ತಡವಾಗೇ ಮಾತಾಡೋದು ಅಂತ. ಐದನೇದು ಬೆಂಗಳೂರಿನ ಅಪಾರ್ಟ್‌ಮೆಂಟು. ಅಪ್ಪ ಅಮ್ಮ ಇಬ್ಬರೂ ಆಫೀಸು, ಮಗು ನೋಡ್ಕೊಳ್ಳೋಕೆ ಕೆಲಸದವರು, ಊಟ ಮಾಡಿಸೋಕೆ ಮೊಬೈಲು. ದುಡ್ಡಿಗೇನೂ ತೊಂದ್ರೆ ಇಲ್ಲ. ಮಾತಾಡಿಸೋಕೆ ಯಾರಿಗೂ ಟೈಮಿಲ್ಲ. ಆ ಮನೆ ಬಾಗಿಲಿಗೆ ಅಂಗನವಾಡಿ ಟೀಚರ್ ಹೋಗೋದೇ ಇಲ್ಲ. ದತ್ತು ಮಗು ಇರೋ ಮನೆ, ಅಪ್ಪ ಒಬ್ಬನೇ ಸಾಕ್ತಿರೋ ಮನೆ, ಕಣ್ಣು ಕಾಣದ ತಾಯಿಯ ಮನೆ, ಕಾಡಂಚಿನ ಸೋಲಿಗರ ಹಾಡಿ, ಪಟ್ಟಿ ಇನ್ನೂ ಉದ್ದ ಇದೆ.

ಇವರೆಲ್ಲರಿಗೂ ಒಂದೇ ಭಾಷಣ ಮಾಡಿದ್ರೆ ಏನಾಗುತ್ತೆ? ಪೋಸ್ಟರ್ ಥರ ಇರೋ ಮನೆಯವರು ತಲೆ ಆಡಿಸ್ತಾರೆ. ಉಳಿದವರು 'ಇದು ನಮಗಲ್ಲ' ಅಂತ ದೂರ ಆಗ್ತಾರೆ. ದುರಂತ ಏನು ಅಂದ್ರೆ, ಹೆಚ್ಚು ಬೇಕಾಗಿರೋದೇ ಆ ಉಳಿದವರಿಗೆ.

ಹಾಗಾದ್ರೆ ಒಳ್ಳೆ ತರಬೇತಿಯಲ್ಲಿ ಏನಿರ್ಬೇಕು? ನಾಲ್ಕು ವಿಷಯ ಹೇಳ್ತೀನಿ.

ಒಂದು, ಹೇಳೋಕೆ ಮುಂಚೆ ಕೇಳೋದು. 'ಅಮ್ಮ ಎಲ್ಲಿ?' ಅನ್ನೋ ಬದಲು 'ಮಗುವನ್ನ ದಿನಾ ಯಾರು ನೋಡ್ಕೋತಾರೆ?' ಅಂತ ಕೇಳೋದು. ಪ್ರಶ್ನೆ ಒಂದೇ ಬದಲಾಗಿದ್ದು. ಆದ್ರೆ ಅಜ್ಜಿ, ಅಪ್ಪ, ಸಾಕುತಾಯಿ, ದೊಡ್ಡಕ್ಕ, ಎಲ್ಲರೂ ಆ ಪ್ರಶ್ನೆಯ ಒಳಗೆ ಬಂದ್ರು.

ಎರಡು, ಮನೆಯಲ್ಲಿ ಈಗಾಗಲೇ ನಡೀತಿರೋ ಒಳ್ಳೇದನ್ನ ಹುಡುಕೋದು. ಆ ರಾಯಚೂರಿನ ಅಜ್ಜಿಯ ಮನೆಗೇ ಹೋಗೋಣ. ತರಬೇತಿ ಇಲ್ಲದವರು ಹೇಳೋದು ಹೀಗೆ: 'ಹುಡುಗನ್ನ ಹಿಂಗ ಮಣ್ಣಾಗ ಬಿಟ್ಟೀರಿ, ಆಟಿಕಿ ತರ್ರಿ, ಪುಸ್ತಕ ತೋರಸ್ರಿ.' ಅಜ್ಜಿ 'ಹೂಂ' ಅಂತಾಳೆ, ಮುಗೀತು. ತರಬೇತಿ ಸಿಕ್ಕವರು ಕೇಳೋದು ಹೀಗೆ: 'ಯವ್ವಾ, ಮೊಮ್ಮಗ ನಿಮ್ಮ ಜೋಡಿ ಏನೇನು ಆಟ ಆಡ್ತಾನ?' ಅಜ್ಜಿ ಹೇಳ್ತಾಳೆ: 'ಏನ್ ಆಟ ಅಕ್ಕೋರೆ, ನಾ ರೊಟ್ಟಿ ಬಡಿಯೋ ಮುಂದ ಒಂದೀಟು ಹಿಟ್ಟು ಕೊಟ್ರ ಅದ್ರಾಗ ಕುಂತಿರ್ತಾನ.' 'ಛಲೋ ಮಾಡೀರಿ ನೋಡ್ರಿ. ನಾಳೆಯಿಂದ ಹಿಟ್ಟು ಕೊಡುವಾಗ ಇದು ದೊಡ್ಡ ಉಂಡಿ, ಇದು ಸಣ್ಣ ಉಂಡಿ ಅಂತ ಅವನ ಜೋಡಿ ಮಾತಾಡ್ರಿ. ಅವ ಏನರ ಅಂದ್ರ ನೀವೂ ತಿರುಗಿ ಅನ್ರಿ.' ಹೊಸ ಖರ್ಚಿಲ್ಲ. ಹೊಸ ಕೆಲಸ ಇಲ್ಲ. ರೊಟ್ಟಿ ಮಾಡೋ ಹೊತ್ತೇ ಪಾಠದ ಹೊತ್ತಾಯ್ತು. ಅಜ್ಜಿಗೆ ತಾನು ಏನೋ ತಪ್ಪು ಮಾಡ್ತಿದ್ದೀನಿ ಅನ್ನೋ ಬದಲು, ತನಗೂ ಗೊತ್ತಿದೆ ಅನ್ನೋ ಧೈರ್ಯ ಬಂತು.

ಮೂರು, ಮಾಡಿ ತೋರಿಸೋದು, ಅವರ ಕೈಯಲ್ಲಿ ಮಾಡಿಸೋದು. ಈಜು ಕಲಿಸೋರು ದಡದ ಮೇಲೆ ನಿಂತು ಪಿಪಿಟಿ ತೋರಿಸಲ್ಲ. ಇದೂ ಹಾಗೆ. ಟೀಚರ್ ತಾನು ಮಗು ಜೊತೆ ಆಡಿ ತೋರಿಸ್ಬೇಕು, ಆಮೇಲೆ ಮನೆಯವರಿಂದ ಆಡಿಸ್ಬೇಕು, ಚೆನ್ನಾಗಿ ಮಾಡಿದ್ದನ್ನ ಹೆಸರಿಟ್ಟು ಹೇಳ್ಬೇಕು. ಟೀಚರ್‌ಗೂ ಇದೇ ರೀತಿಯ ತರಬೇತಿ ಬೇಕು. ಹಾಲ್‌ನಲ್ಲಿ ಕೂರಿಸಿ ಮೂರು ದಿನ ಭಾಷಣ ಕೇಳಿಸಿದ್ರೆ ಅವರೂ ಮನೆಗೆ ಹೋಗಿ ಭಾಷಣವನ್ನೇ ಮಾಡ್ತಾರೆ. ತರಬೇತಿ ಆದ ಮೇಲೆ ಮೇಲ್ವಿಚಾರಕಿ ಜೊತೆಗೆ ಹೋಗಿ ನಾಲ್ಕು ಮನೆ ನೋಡ್ಬೇಕು. ಈಗ ಮೇಲ್ವಿಚಾರಕಿ ಬಂದ್ರೆ ನೋಡೋದು ಏನು? ರಿಜಿಸ್ಟರ್ ಮತ್ತು ಸ್ಟಾಕ್.

ನಾಲ್ಕು, ಎಲ್ಲಿ ತನ್ನ ಕೆಲಸ ಮುಗೀತು, ಎಲ್ಲಿಂದ ಇನ್ನೊಬ್ಬರ ಕೆಲಸ ಶುರು ಅನ್ನೋದು ಗೊತ್ತಿರೋದು. ಕರೆದ್ರೆ ತಿರುಗದ ಆ ಮಗುವನ್ನ ನೆನಪಿಸ್ಕೊಳ್ಳಿ. ಅಲ್ಲಿ ಸಮಾಧಾನ ಹೇಳಿ ಬಂದ್ರೆ ಅಮೂಲ್ಯವಾದ ತಿಂಗಳುಗಳು ಹೋಗುತ್ವೆ. 2013ರಿಂದ ನಮ್ಮಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. ಅದರ ವೈದ್ಯರ ತಂಡ ಅಂಗನವಾಡಿಗೇ ಬಂದು ಮಕ್ಕಳನ್ನ ನೋಡುತ್ತೆ. ತೊಂದ್ರೆ ಕಂಡ್ರೆ ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸ್ಬೇಕು. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ದೇಶದ ಬೇರೆ ಕಡೆಯಿಂದಲೂ ಜನ ಅಲ್ಲಿಗೆ ಬರ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸಂಕಷ್ಟದಲ್ಲಿರೋ ಮಕ್ಕಳ ಮಾನಸಿಕ ಆರೋಗ್ಯಕ್ಕಾಗಿ 'ಸಂವಾದ್' ಅನ್ನೋ ರಾಷ್ಟ್ರೀಯ ಯೋಜನೆ 2020ರಿಂದ ನಡೀತಿದೆ, ಮಕ್ಕಳ ಜೊತೆ ಕೆಲಸ ಮಾಡೋರಿಗೆ ತರಬೇತಿ ಕೊಡೋದೇ ಅದರ ದೊಡ್ಡ ಕೆಲಸ. ಬಾಣಂತಿಗೆ ಮನಸ್ಸು ಕುಗ್ಗಿದ್ರೆ, ಯಾರ ಮನಸ್ಸಿಗೇ ಕಷ್ಟ ಆದ್ರೂ, ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು. ಮಗು ಅಪಾಯದಲ್ಲಿದ್ರೆ 1098. ಇವೆಲ್ಲ ಇವೆ. ಟೀಚರಮ್ಮನ ಕೈಯಲ್ಲಿ ಈ ಪಟ್ಟಿ ಇದೆಯಾ? ಕಳಿಸಿದ ಮಗು ಅಲ್ಲಿಗೆ ತಲುಪಿತಾ ಅಂತ ಅವರಿಗೆ ಯಾರಾದ್ರೂ ವಾಪಸ್ ಹೇಳ್ತಾರಾ?

ಇಲ್ಲಿ ಒಂದು ಕಷ್ಟದ ಪ್ರಶ್ನೆ ಬರುತ್ತೆ. ಎಲ್ಲಾ ಥರದ ಕುಟುಂಬವನ್ನೂ ಗೌರವಿಸ್ಬೇಕು ಅಂದ್ರೆ ಎಲ್ಲಾ ಪದ್ಧತಿಗೂ ತಲೆ ಆಡಿಸ್ಬೇಕಾ? ಖಂಡಿತ ಇಲ್ಲ. ಮನೆಯಲ್ಲಿ ಯಾರಿದ್ದಾರೆ, ಯಾವ ಭಾಷೆ ಆಡ್ತಾರೆ, ಯಾವ ದೇವರನ್ನ ಪೂಜಿಸ್ತಾರೆ, ಅದು ಅವರಿಗೆ ಬಿಟ್ಟಿದ್ದು. ಮಗುವಿಗೆ ಏಟು ಬೀಳೋದು, ಹೆಣ್ಣು ಮಗುವಿಗೆ ಊಟ ಕಡಿಮೆ ಹಾಕೋದು, ಹದಿನೈದಕ್ಕೇ ಮದುವೆ ಮಾಡೋದು ಅವರಿಗೆ ಬಿಟ್ಟಿದ್ದಲ್ಲ. ಬಾಲ್ಯವಿವಾಹವನ್ನ ಹುಟ್ಟಿನಿಂದಲೇ ಅಸಿಂಧು ಅಂತ ಸಾರೋಕೆ ಕರ್ನಾಟಕ 2016ರಲ್ಲಿ ಕಾಯ್ದೆಗೇ ತಿದ್ದುಪಡಿ ತಂದ ರಾಜ್ಯ. ಗೌರವಕ್ಕೂ ಗೆರೆ ಇದೆ, ಆ ಗೆರೆ ಮಗುವಿನ ಒಳಿತು. ಆದ್ರೆ ಅದೇ ಊರಲ್ಲಿ ಬದುಕೋ ಹೆಣ್ಣುಮಗಳು ಗೌಡರ ಮನೆಯ ಬಾಲ್ಯವಿವಾಹದ ಬಗ್ಗೆ ಬಾಯಿ ಬಿಡೋದು ಸುಲಭನಾ? ಹೇಗೆ ಹೇಳ್ಬೇಕು, ಯಾರಿಗೆ ಹೇಳ್ಬೇಕು, ಹೇಳಿದ ಮೇಲೆ ಅವರ ಬೆನ್ನಿಗೆ ಯಾರು ನಿಲ್ತಾರೆ? ಇದೂ ತರಬೇತಿಯ ಭಾಗ ಆಗ್ಬೇಕು. ಬರೀ 'ದೂರು ಕೊಡಿ' ಅಂತ ಸುತ್ತೋಲೆ ಕಳಿಸಿದ್ರೆ ಆಗಲ್ಲ.

ಇನ್ನು ಎರಡು ಆಕ್ಷೇಪಗಳಿವೆ. ಎರಡೂ ನ್ಯಾಯವಾದವೇ.

'ನಮ್ಮಜ್ಜಿ ಯಾವ ಟ್ರೇನಿಂಗ್ ತಗೊಂಡಿದ್ರು? ಎಂಟು ಮಕ್ಕಳನ್ನ ಬೆಳೆಸಲಿಲ್ವಾ?' ಬೆಳೆಸಿದ್ರು. ಆದ್ರೆ ಅಜ್ಜಿಗೆ ಟ್ರೇನಿಂಗ್ ಇತ್ತು ಸ್ವಾಮಿ. ಅವರ ಅತ್ತೆ ಇದ್ರು, ಓರಗಿತ್ತಿ ಇದ್ರು, ಪಕ್ಕದ ಮನೆ ಸೂಲಗಿತ್ತಿ ಇದ್ರು. ಜೋಗುಳ, ಅಂಬೆಗಾಲು, ಎಣ್ಣೆನೀರು ಎಲ್ಲಾ ನೋಡಿ ಕಲಿಯೋ ಮನೆ ಅದು. ಇವತ್ತು ಮದುವೆಯಾಗಿ ಪೀಣ್ಯದ ಒಂದು ರೂಮಿನಲ್ಲಿ ಇರೋ ಹುಡುಗಿ, ಗಾರ್ಮೆಂಟ್ಸ್‌ಗೆ ಹೋಗೋ ತಾಯಿ ಯಾರನ್ನ ನೋಡಿ ಕಲೀಬೇಕು? ಆ ಜಾಗಕ್ಕೆ ಬಂದಿರೋದು ಮೊಬೈಲಿನ ರೀಲ್ಸ್. ಜೊತೆಗೆ, ಅಜ್ಜಿಯ ಕಾಲದಲ್ಲಿ ಎಷ್ಟು ಎಳೆಗೂಸುಗಳು ಹೋಗಿಬಿಡ್ತಿದ್ವು ಅನ್ನೋದನ್ನೂ ಮರೀಬೇಡಿ.

ಎರಡನೇದು, 'ಅವರಿಗೆ ಇರೋ ಕೆಲಸಕ್ಕೇ ಪುರುಸೊತ್ತಿಲ್ಲ, ಇದನ್ನೂ ಹೊರಿಸ್ತೀರಾ?' ಇದಕ್ಕೆ ನನ್ನ ಪೂರ್ತಿ ಸಹಮತ ಇದೆ. ಅಂಗನವಾಡಿ ಕಾರ್ಯಕರ್ತೆಯನ್ನ ಸರ್ಕಾರ ಇವತ್ತಿಗೂ 'ಗೌರವ ಕಾರ್ಯಕರ್ತೆ' ಅಂತಲೇ ಕರೆಯುತ್ತೆ, ಕೊಡೋದು ಸಂಬಳ ಅಲ್ಲ, ಗೌರವಧನ. ಅವರಿಗೆ ಗ್ರಾಚ್ಯುಟಿ ಸಿಗ್ಬೇಕು ಅನ್ನೋದಕ್ಕೇ 2022ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬೇಕಾಯ್ತು. ವೃತ್ತಿಪರ ತರಬೇತಿ ಬೇಕು ಅಂದ ಮೇಲೆ ವೃತ್ತಿಯ ಮರ್ಯಾದೆಯೂ ಬೇಕು. ಕೋರ್ಸ್ ಮುಗಿಸಿದವರಿಗೆ ಅದಕ್ಕೆ ತಕ್ಕ ಗೌರವಧನ, ಬಡ್ತಿ ಇರ್ಬೇಕು. ಮನೆ ಭೇಟಿಗೆ ಅಂತಲೇ ಸಮಯ ಮೀಸಲಿಡ್ಬೇಕು. ಸಂಬಂಧ ಇಲ್ಲದ ಸರ್ವೆಗಳನ್ನ ತಲೆಯಿಂದ ಇಳಿಸ್ಬೇಕು.

ಕೆಲಸ ಹಂಚಿಕೊಳ್ಳೋಕೂ ದಾರಿ ಇದೆ. ಆಶಾ ಕಾರ್ಯಕರ್ತೆ ಮಗು ಹುಟ್ಟಿದ 42 ದಿನದ ಒಳಗೆ ಆರೇಳು ಸಲ ಮನೆಗೆ ಹೋಗ್ತಾರೆ. ಅದಾದ ಮೇಲೆ 3, 6, 9, 12 ಮತ್ತು 15ನೇ ತಿಂಗಳಲ್ಲಿ ಐದು ಭೇಟಿ ಇರ್ಬೇಕು ಅಂತ 2018ರಿಂದ ನಿಯಮ ಇದೆ. ಉದ್ಯೋಗ ಖಾತ್ರಿ ಕೂಲಿಗೆ ಹೋಗೋ ತಾಯಂದಿರ ಮಕ್ಕಳಿಗೆ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಬಂದಿದೆ, ಅಲ್ಲಿ ಆರೈಕೆ ಮಾಡೋರೂ ಊರಿನ ಹೆಣ್ಣುಮಕ್ಕಳೇ. ಆಶಾ, ಅಂಗನವಾಡಿ, ಕೂಸಿನ ಮನೆ, ಈ ಮೂವರಿಗೂ ಒಟ್ಟಿಗೆ ಕೂರಿಸಿ ಒಂದೇ ತರಬೇತಿ ಕೊಟ್ರೆ, ಮೂವರೂ ಒಂದೇ ಮನೆಗೆ ಒಂದೇ ಮಾತು ಹೇಳ್ತಾರೆ. ಈಗ ಇಲಾಖೆಗೊಂದು ತರಬೇತಿ, ತರಬೇತಿಗೊಂದು ಕೈಪಿಡಿ.

ಸಾಮಗ್ರಿ ವಿಷಯಕ್ಕೂ ಕೋಟಿಗಟ್ಟಲೆ ಬೇಕಿಲ್ಲ. ಓದೋಕೆ ಬಾರದವರಿಗೂ ಅರ್ಥ ಆಗೋ ಚಿತ್ರದ ಕಾರ್ಡು. ಆ ಚಿತ್ರದಲ್ಲಿ ಅಜ್ಜಿ ಮಗು ಎತ್ತಿಕೊಂಡಿರಲಿ, ಅಪ್ಪ ಸ್ನಾನ ಮಾಡಿಸ್ತಿರಲಿ, ಬುರ್ಖಾ ಹಾಕಿದ ತಾಯಿ ಇರಲಿ, ಲಂಬಾಣಿ ಉಡುಗೆಯ ತಾಯಿ ಇರಲಿ, ವೀಲ್‌ಚೇರ್‌ನಲ್ಲಿ ಕೂತ ಅಪ್ಪ ಇರಲಿ. ತನ್ನ ಮನೆ ಆ ಕಾರ್ಡಿನಲ್ಲಿ ಕಂಡ್ರೆ ಅದು ತನಗೆ ಹೇಳಿದ ಮಾತು ಅಂತ ಜನರಿಗೆ ಅನ್ನಿಸುತ್ತೆ. ಲಂಬಾಣಿ, ಉರ್ದು, ತುಳು, ಕೊಂಕಣಿ, ಬ್ಯಾರಿ, ಕೊಡವ, ತೆಲುಗು, ಮರಾಠಿ, ಆಯಾ ಭಾಷೆಯ ಜೋಗುಳ, ಒಗಟು, ಕೈಯಾಟಗಳನ್ನ ರೆಕಾರ್ಡ್ ಮಾಡಿ ಟೀಚರ್ ಫೋನಿಗೆ ಹಾಕಿಕೊಡಿ. ತೆಂಗಿನ ಚಿಪ್ಪು, ಹಳೇ ಸೀರೆಯ ಗೊಂಬೆ, ಕಡಲೆಕಾಳು ತುಂಬಿ ಬಿಗಿಯಾಗಿ ಮುಚ್ಚಿದ ಡಬ್ಬಿ, ಇವೇ ಆಟಿಕೆ. ತಾಯಂದಿರ ಸಭೆಯ ಹೆಸರನ್ನ 'ಮನೆಯವರ ಸಭೆ' ಅಂತ ಬದಲಾಯಿಸಿ, ಕೂಲಿಗೆ ಹೋಗೋರು ವಾಪಸ್ ಬಂದ ಮೇಲೆ ಸಂಜೆ ಇಡಿ. ಅಪ್ಪಂದಿರಿಗೂ ಬರೋದಕ್ಕೆ ನೆಪ ತಪ್ಪುತ್ತೆ.

ವೀಕ್ಷಕರೇ, ನಾವು ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಇಡೀ ದಿನ ಡಿಬೇಟ್ ಮಾಡ್ತೀವಿ. ಯಾವ ಜಿಲ್ಲೆ ಮೇಲೆ, ಯಾವ ಜಿಲ್ಲೆ ಕೆಳಗೆ ಅಂತ ಪಟ್ಟಿ ಹಾಕ್ತೀವಿ. ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಕೆಳಗೆ ಕಾಣಿಸಿದಾಗೆಲ್ಲ ಮೇಷ್ಟ್ರುಗಳನ್ನ ಬೈತೀವಿ. ಆ ಮಗುವಿನ ಓಟ ಶುರುವಾಗಿದ್ದು ಹತ್ತನೇ ಕ್ಲಾಸಿನಲ್ಲಿ ಅಲ್ಲ, ಅಮ್ಮನೋ ಅಜ್ಜಿಯೋ ಅದರ 'ಊ'ಗೆ ತಿರುಗಿ ಉತ್ತರ ಕೊಟ್ಟ ದಿನ. ಆ ಉತ್ತರ ಕೊಡೋ ಧೈರ್ಯವನ್ನ ಮನೆಗೆ ತಲುಪಿಸಬೇಕಾದವರು ನಮ್ಮ ಟೀಚರಮ್ಮ.

ಆದ್ದರಿಂದ ಸರ್ಕಾರಕ್ಕೆ ಮೂರು ಪ್ರಶ್ನೆ ಕೇಳೋಣ. ಶಿಕ್ಷಣ ನೀತಿ ಹೇಳಿದ ಆರು ತಿಂಗಳ, ಒಂದು ವರ್ಷದ ಕೋರ್ಸ್ ನಮ್ಮ ತಾಲ್ಲೂಕಿನ ಎಷ್ಟು ಕಾರ್ಯಕರ್ತೆಯರಿಗೆ ಸಿಕ್ಕಿದೆ? ಅದರಲ್ಲಿ ಮನೆ ಭೇಟಿಯ ಅಭ್ಯಾಸಕ್ಕೆ ಎಷ್ಟು ದಿನ ಇದೆ? ತರಬೇತಿ ಆದ ಮೇಲೆ ಜೊತೆಗೆ ಬಂದು ತಿದ್ದೋರು ಯಾರು? ಗ್ರಾಮಸಭೆಯಲ್ಲಿ ಕೇಳಿ, ನಿಮ್ಮ ಅಂಗನವಾಡಿಯ ಬಾಲವಿಕಾಸ ಸಮಿತಿಯಲ್ಲಿ ಕೇಳಿ, ಓಟು ಕೇಳೋಕೆ ಬಂದವರನ್ನ ಕೇಳಿ.

ಮತ್ತೆ ಮುಂದಿನ ಸಲ ಟೀಚರಮ್ಮ ನಿಮ್ಮ ಮನೆ ಬಾಗಿಲಿಗೆ ಬಂದಾಗ, ನಿಂತಲ್ಲೇ ಸಹಿ ಹಾಕಿ ಕಳಿಸಬೇಡಿ. ಒಳಗೆ ಕರೀರಿ, ಕುಡಿಯೋಕೆ ನೀರು ಕೊಡಿ, ಹತ್ತು ನಿಮಿಷ ಕೂತು ಮಾತಾಡಿ. ಅವರು ಬಂದಿರೋದು ಕೆಲಸಕ್ಕೆ. ಆ ಕೆಲಸದ ಅರ್ಧ ಭಾಗ ನಿಮ್ಮದು.